ಗೇಣುದ್ದದ ಆಲವೂ ವರ್ಷದ ಗಡುವೂ

ಅಲೆಯುವವನಿಗೆ ಪಜೀತಿ ಜಾಸ್ತಿ, ಒಂದು ಕಡೆ ಕೂತವನಿಗೆ ನೆಮ್ಮದಿ ಅಂತ ತಿಳಿದವರು ಹೇಳುತ್ತಾರೆ. ನನ್ನ ಪಾಲಿಗೆ ಅದು ಉಲ್ಟಾ. ಆರನೇ ಕ್ಲಾಸಿನಲ್ಲಿ ಪಾಟೀಚೀಲ ಎಸೆದು ಲಾರಿ ಹತ್ತಿದವನು ನಾನು. ಕ್ಲೀನರ್ ಆಗಿ, ಹೋಟೆಲ್ ಸಪ್ಲೈಯರ್ ಆಗಿ, ಸರ್ಕಸ್ ಡೇರೆಗೆ ಗೂಟ ಹೊಡೆಯುವವನಾಗಿ ಹದಿನಾಲ್ಕು ವರ್ಷ ಊರೂರು ತಿರುಗಿದೆ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಆಮೇಲೆ ಚಳ್ಳಕೆರೆಯಲ್ಲಿ ಒಂದೇ ಒಂದು ವರ್ಷ ನೆಟ್ಟಗೆ ಕೂತೆ, ಅದೂ ಒಂದು ಗಿಡದ ದೆಸೆಯಿಂದ. ನಗೆಪಾಟಲು ಆಗಬೇಕಾದ್ದೆಲ್ಲ ಆ ವರ್ಷವೇ ಆಯಿತು. ಎಸ್‌ಟಿಡಿ ಬೂತುಗಳ ಕಾಲದ ಮಾತು. ಈಗ ನೆನೆಸಿಕೊಂಡರೂ ಸೊಂಟ ನೋಯುತ್ತದೆ.

ಫುಲ್ ಟಿಕೆಟ್

ಅಲೆದಾಟದ ಕೊನೆಯ ಕೆಲಸ ಬೆಂಗಳೂರಿನ ಒಂದು ನರ್ಸರಿಯಲ್ಲಿ. ಅಲ್ಲಿ ಬೋನ್ಸಾಯ್ ಮಾಡುತ್ತಿದ್ದರು. ಅಂದರೆ ಆಕಾಶಕ್ಕೆ ಹೋಗಬೇಕಾದ ಮರವನ್ನು ತಟ್ಟೆಯಂಥ ಕುಂಡದಲ್ಲಿ ಕೂರಿಸಿ, ಬೇರು ಕೊಂಬೆ ಕತ್ತರಿಸುತ್ತ ಗೇಣುದ್ದಕ್ಕೇ ನಿಲ್ಲಿಸುವ ವಿದ್ಯೆ. ಆರು ತಿಂಗಳಿಗೆ ಅಲ್ಲೂ ನನ್ನ ಕಾಲು ನಿಲ್ಲಲಿಲ್ಲ. ಹೊರಟಾಗ ಮಾಲೀಕರು ಒಂದು ಕುಂಡ ಕೈಗಿಟ್ಟರು.

"ಇದು ಫೈಕಸ್, ಆಲದ ಜಾತಿ. ಹೊಸಬರಿಗೆ ಅಂತಲೇ ಇರೋದು. ಮನೆಯೊಳಗೆ ಕಿಟಕಿ ಹತ್ತಿರ ಇಡು. ಮಣ್ಣಿಗೆ ಬೆರಳು ಚುಚ್ಚಿ ನೋಡು, ಒಣಗಿದ್ರೆ ಮಾತ್ರ ನೀರು. ಸುಲಭಕ್ಕೆ ಸಾಯೋದಲ್ಲ. ಆದರೆ ಪದೇ ಪದೇ ಜಾಗ ಬದಲಾಯಿಸಿದ್ರೆ ಮುನಿಸಿಕೊಂಡು ಎಲೆ ಉದುರಿಸುತ್ತೆ."

ನನಗೋ ಜಾಗ ಬದಲಾಯಿಸದಿದ್ದರೆ ಎಲೆ ಉದುರುತ್ತದೆ. ಒಳ್ಳೆ ಜೋಡಿ ಅಂದುಕೊಂಡೆ.

ಅಷ್ಟರಲ್ಲಿ ಅವ್ವ ಫೋನಿನಲ್ಲಿ ಹೇಳಿದ್ದಳು: "ಮನೆಗೆ ಬರಬ್ಯಾಡ, ನೇರ ಮೊಳಕಾಲ್ಮೂರಿಗೆ ಬಾ. ಹೆಣ್ಣು ನೋಡೋದೈತೆ." ಹಂಗಾಗಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸು ಹತ್ತಿದೆ. ತಳಕು ದಾಟುವ ಹೊತ್ತಿಗೆ ಇಡೀ ಬಸ್ಸು ನನ್ನ ತೊಡೆ ನೋಡುತ್ತಿತ್ತು.

"ಎಷ್ಟು ದಿನದ ಸಸಿ ಅಪ್ಪ?" ಅಂದ ಪಕ್ಕದ ಸೀಟಿನ ಮುದುಕ.

"ಸಸಿ ಅಲ್ಲ ತಾತ. ಹದಿನೈದು ವರ್ಷದ ಮರ."

"ಹದಿನೈದು ವರ್ಷಕ್ಕೆ ಇಷ್ಟೇನಾ? ಹೊಟ್ಟೆಗೆ ಏನಾದ್ರೂ ಹಾಕ್ತೀಯೋ ಇಲ್ವೋ?"

ಬಸ್ಸು ನಕ್ಕಿತು. ಕಂಡಕ್ಟರ್ ಮಾತ್ರ ನಗಲಿಲ್ಲ. ಪೆನ್ನು ಕಿವಿಯಿಂದ ತೆಗೆದು ನನ್ನ ಮುಂದೆ ನಿಂತ.

"ಹನ್ನೆರಡು ದಾಟಿದ್ರೆ ಫುಲ್ ಟಿಕೆಟ್. ನೀನೇ ಹದಿನೈದು ಅಂತ ಒಪ್ಪಿಕೊಂಡಿದ್ದೀಯ, ತೆಗಿ."

ಕೆಂಪು ಎಳೆ

ಹೆಣ್ಣಿನ ಅಪ್ಪ ರೇಷ್ಮೆ ಸೀರೆ ನೇಯುವವರು. ನಮ್ಮವರೇ. ಅವರ ಅಪ್ಪ ಕುರಿ ಮಾರಿ ಮಗ್ಗ ಹಾಕಿದ್ದಂತೆ. ಗುಣಿಮಗ್ಗ, ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುವುದು. ನಾವು ಹೋದಾಗ ಅವರು ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದರು. ಎದ್ದು ಬರಲಿಲ್ಲ. ಲಾಳಿ ಆಚೀಚೆ ಓಡುತ್ತಲೇ ಇತ್ತು, ನಡುನಡುವೆ ಪ್ರಶ್ನೆ ಬರುತ್ತಿತ್ತು.

"ಈಗ ಯಾವೂರಲ್ಲಿ ಕೆಲಸ?"

"ಬಿಟ್ಟು ಬಂದೆ ಯಜಮಾನ್ರೇ."

"ಅದರ ಹಿಂದಿನದು?"

"ಅದನ್ನೂ ಬಿಟ್ಟಿದ್ದೆ."

ಲಾಳಿ ನಿಂತಿತು. "ಏಮಯ್ಯಾ, ನಾನು ಈ ಗುಂಡಿಯೊಳಗೆ ನಲವತ್ತು ವರ್ಷದಿಂದ ಕೂತಿದ್ದೀನಿ. ನೀನು ಒಂದು ಕಡೆ ನಲವತ್ತು ವಾರ ಕೂತಿದ್ದೀಯಾ?"

ನಾನು ಕುಂಡ ಮುಂದಿಟ್ಟೆ. ಒಂದು ಕಡೆ ಕೂರುವ ವಸ್ತು ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ. ಅವರು ಅದನ್ನು ಬಹಳ ಹೊತ್ತು ನೋಡಿದರು. ಮಗ್ಗದ ಪಕ್ಕದಿಂದ ಒಂದು ಕೆಂಪು ರೇಷ್ಮೆ ಎಳೆ ತೆಗೆದು, ಕುಂಡದ ಅಂಚಿನಿಂದ ಗಿಡದ ತುದಿಯವರೆಗೆ ಅಳೆದು, ಗಂಟು ಹಾಕಿ, ಎಳೆಯನ್ನು ಮಗ್ಗದ ಕಂಬಕ್ಕೆ ಸುತ್ತಿದರು.

"ಬರೋ ಯುಗಾದಿವರೆಗೂ ಒಂದೇ ಊರಲ್ಲಿ ಕೂತು ಇದನ್ನ ಸಾಕು. ಬದುಕಿಸಿ ತಂದ್ರೆ ಮಗಳನ್ನ ಕೊಡೋ ಮಾತು. ಇಲ್ದಿದ್ರೆ ಇಲ್ಲ."

ಒಳಗೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹುಡುಗಿ ಬಾಗಿಲ ಸಂದಿಯಿಂದ ಮೊದಲು ಗಿಡ ನೋಡಿದಳು, ಆಮೇಲೆ ನನ್ನನ್ನು. ಗಿಡ ನೋಡಿದಾಗ ಮುಖ ಅರಳಿತ್ತು, ಅದು ಮಾತ್ರ ನೆನಪಿದೆ.

ಅವಳಿಗೆ ನಾನು ಆಗಲೇ ಮನಸೋತಿದ್ದೆ. ಅವ್ವ ಬಸ್‌ಸ್ಟ್ಯಾಂಡಿನಲ್ಲಿ ನಿಟ್ಟುಸಿರು ಬಿಟ್ಟಳು: "ವಧುದಕ್ಷಿಣೆ ಕೇಳೋರನ್ನ ಕಂಡಿದ್ದೆ. ಇವರು ನೀನು ಕುಂಡೆ ಊರೋದನ್ನ ಕೇಳ್ತಾ ಅವ್ರೆ. ಅದೊಂದು ನಮ್ಮನೇಲಿ ಇಲ್ಲ."

ಬಡಕಲು ಕೂಸು

ಅವ್ವನ ಮನೆಯಿದ್ದ ಚಳ್ಳಕೆರೆಯಲ್ಲೇ ಎಣ್ಣೆ ಮಿಲ್ಲಿಗೆ ಶೇಂಗಾ ಮೂಟೆ ಹೊರಲು ಸೇರಿದೆ. ಗಿಡ ಕಿಟಕಿಯಲ್ಲಿ ಕೂತಿತು. ಆಲ ಮನೆಯೊಳಗೆ ಬೆಳೆದರೆ ಗೋಡೆ ಬಿರಿಯುತ್ತದೆ ಅಂತ ಅವ್ವ ಎರಡು ದಿನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಅದರ ಗಾತ್ರ ನೋಡಿ ಕರುಳು ಚುರುಕ್ ಅಂತು. ಅಲ್ಲಿಂದ ಕೆಟ್ಟಿತು.

ನಾನು ಮಿಲ್ಲಿಗೆ ಹೋದ ಮೇಲೆ ಅಕ್ಕಿ ತೊಳೆದ ನೀರು. ಮಧ್ಯಾಹ್ನ ಮಜ್ಜಿಗೆ. ಸಂಜೆ ಕುರಿಗೊಬ್ಬರ ಒಂದು ಹಿಡಿ. ಕೊಂಬೆ ಬಾಗಲಿ ಅಂತ ನಾನು ಸುತ್ತಿದ್ದ ತಂತಿಯನ್ನೂ ಬಿಚ್ಚಿ ಎಸೆದಳು.

"ಏನು ಕಳ್ಳತನ ಮಾಡೈತೆ ಅಂತ ಬೇಡಿ ಹಾಕಿದ್ದೀಯಲೇ?"

ವಾರದೊಳಗೆ ಎಲೆ ಹಳದಿಯಾಗಿ ಉದುರತೊಡಗಿತು. ಕುಂಡದಲ್ಲಿ ಬೆರಳಿಟ್ಟರೆ ಗದ್ದೆಯಲ್ಲಿಟ್ಟಂತೆ. ಮೂಟೆ ಹೊತ್ತು ಬಂದ ಬೆನ್ನನ್ನು ಬಗ್ಗಿಸಿ, ಗಿಡ ಕಿತ್ತು, ಕೊಳೆತ ಬೇರು ಕತ್ತರಿಸಿ, ಹೊಸ ಮರಳುಮಣ್ಣು ಹಾಕಿ ಕೂರಿಸಿದೆ. "ಅವ್ವ, ಕೈ ಮುಗೀತೀನಿ. ಅದಕ್ಕೆ ಉಣ್ಣಿಸಬ್ಯಾಡ. ಜಾಸ್ತಿ ಉಣ್ಣಿಸಿದ್ರೆ ಕೆಟ್ಟೋಗ್ತೈತೆ" ಅಂದೆ.

ಅವ್ವ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದಳು.

"ಹೌದು ಬಿಡು. ನಿನಗೂ ಹಿಂಗೇ ಉಣ್ಣಿಸಿದ್ದೆ."

ನೂರೆಂಟು ಸುತ್ತು

ಈ ಗಿಡಕ್ಕೆ ಒಂದು ವಿಶೇಷ. ನೋಡಿದವರು ತಮಗೆ ಬೇಕಾದ ಮರವನ್ನೇ ಅದರಲ್ಲಿ ಕಾಣುತ್ತಿದ್ದರು. ಅವ್ವನಿಗೆ ಅದು ಆಲ. ಪಕ್ಕದ ಮನೆ ಅಜ್ಜಿಗೆ ಅರಳಿ. ಅಜ್ಜಿಯ ಮಗಳಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಅಜ್ಜಿಯೇ ಅರಳಿಕಟ್ಟೆ ನೂರೆಂಟು ಸಲ ಸುತ್ತುವ ಹರಕೆ ಹೊತ್ತಿದ್ದರು, ಆದರೆ ಮಂಡಿ ನೋವು. ಕಟ್ಟೆ ದೂರ, ಗಿಡ ಹತ್ತಿರ.

ಒಂದು ಸೋಮವಾರ ನಾನು ಮಿಲ್ಲಿನಿಂದ ಬಂದು ಗೋಡೆಗೆ ಒರಗಿದ್ದೆ. ಅಜ್ಜಿ ಅರಿಶಿನ ಕುಂಕುಮ ಹಿಡಿದು ಬಂದರು. ಗಿಡವನ್ನು ಅಂಗಳದ ನಡುವೆ ಇಡಿಸಿದರು. ಮೂರು ಸುತ್ತು ಬಂದರು, ನಾಲ್ಕನೆಯದಕ್ಕೆ ಕೂತುಬಿಟ್ಟರು.

"ನನ್ನ ಕೈಲಾಗಲ್ಲಪ್ಪ. ಅರಳೀನ ನಾನು ಸುತ್ತಿದ್ರೇನು, ಅರಳಿ ನನ್ನ ಸುತ್ತಿದ್ರೇನು? ನೀನು ಎತ್ತಿಕೊಂಡು ನನ್ನ ಸುತ್ತ ಬಾ."

ಹಿರಿಯರು, ಇಲ್ಲ ಅನ್ನುವುದು ಹೆಂಗೆ? ಕುಂಡ ಎತ್ತಿಕೊಂಡೆ. ಹಗಲೆಲ್ಲ ಮೂಟೆ, ಸಂಜೆ ಮರ. ಅಜ್ಜಿ ನಡುವೆ ಕೂತು ಕಾಳು ಎಣಿಸುತ್ತಿದ್ದರು. ಅರವತ್ತನೇ ಸುತ್ತಿಗೆ ತಲೆ ತಿರುಗಿತು. ತೊಂಬತ್ತಕ್ಕೆ ಕೈ ಜೋಮು ಹಿಡಿಯಿತು. ನೂರೆಂಟು ಮುಗಿಸಿ, ಕುಂಡ ಇಟ್ಟು, ಅದರ ಪಕ್ಕದಲ್ಲೇ ಬಿದ್ದುಕೊಂಡೆ. ಅಜ್ಜಿ ಎದ್ದು ಕೈ ಮುಗಿದರು. ಅಷ್ಟರಲ್ಲಿ ಏನೋ ಹೊಳೆದು ಗಾಬರಿಯಾದರು.

"ಅಯ್ಯೋ ಕೂಸೇ, ಸುತ್ತಿದ್ದೆಲ್ಲ ನೀನು! ಮಕ್ಕಳಾಗೋ ಫಲ ನಿನಗೇ ಬಂದುಬಿಟ್ರೆ? ಮದುವೆಗೆ ಮುಂಚೆ ಹಂಗಾದ್ರೆ ಮೊಳಕಾಲ್ಮೂರಿನೋರು ಹೆಣ್ಣು ಕೊಡ್ತಾರೇನೋ?"

ಮಾವನ ಮೇಕೆ

ಶಿವರಾತ್ರಿ ಕಳೆದ ವಾರ. ಯುಗಾದಿಗೆ ಇನ್ನು ಒಂದು ತಿಂಗಳಿತ್ತು. ಗಿಡ ಚಿಗುರಿ ನಿಂತಿತ್ತು, ನನಗೂ ಸ್ವಲ್ಪ ಧೈರ್ಯ ಬಂದಿತ್ತು. ಅವತ್ತು ಪರಶುರಾಂಪುರದ ಕಡೆಯಿಂದ ಸೋದರಮಾವ ಬಂದ. ಕುರಿ ಮೇಕೆ ಕಾಯುವವನು. ಕಾಲು ಉಳುಕಿದ ಒಂದು ಮೇಕೆಯನ್ನು ಪಶು ಆಸ್ಪತ್ರೆಗೆ ತಂದಿದ್ದ. ನಮ್ಮ ಕಡೆ ಬೇಸಿಗೆಯಲ್ಲಿ ಹಸಿರು ಸಿಗದಾಗ ಆಲ, ಬಸರಿಯ ಕೊಂಬೆ ಕಡಿದು ಆಡುಗಳಿಗೆ ಹಾಕುವುದು ರೂಢಿ. ಮಾವನ ಕಣ್ಣಿಗೆ ಗಿಡ ಬಸರಿಯಾಗಿಯೇ ಕಂಡಿತು.

"ಒಂದು ಹೊತ್ತಿಗೂ ಸಾಲದು" ಅಂದ, ಗಿಡ ನೋಡಿ.

"ಮಾವ, ಅದು ಮೇವಲ್ಲ. ನನ್ನ ಮದುವೆ."

"ಆಯ್ತು ಬಿಡಲೇ. ನಾನೇನು ತಿಂತೀನಾ?"

ಅವನು ತಿನ್ನಲಿಲ್ಲ. ಅವನು ಒಳಗೆ ಮುದ್ದೆ ಉಣ್ಣುವಾಗ, ಕಿಟಕಿಯ ಸರಳಿಗೆ ಕಟ್ಟಿದ್ದ ಮೇಕೆ ತಿಂದಿತು. ನಾನು ಬಂದು ನೋಡಿದರೆ ಒಂದು ಎಲೆ ಇಲ್ಲ. ತುದಿಯ ಎರಡು ಬೆರಳಷ್ಟು ಕೊಂಬೆಯೂ ಇಲ್ಲ. ಉಳಿದದ್ದು ತೊಟ್ಟು ಮತ್ತು ಕಡ್ಡಿ, ಅದರಿಂದ ಜಿನುಗುವ ಹಾಲು. ಮೇಕೆ ಕುಂಟುತ್ತಿರಲಿಲ್ಲ, ಆರಾಮಾಗಿ ನಿಂತಿತ್ತು.

ಬೂತಿಗೆ ಓಡಿ ನರ್ಸರಿ ಮಾಲೀಕರಿಗೆ ಫೋನ್ ಹಚ್ಚಿದೆ.

"ಸಾರ್, ಒಂದು ಎಲೆನೂ ಇಲ್ಲ!"

"ತೊಟ್ಟು ಇದೆಯಾ?"

"ಐತೆ ಸಾರ್."

"ದಪ್ಪ ಕೊಂಬೆ?"

"ಐತೆ."

"ಭಲೆ! ಎಲೆ ಪೂರಾ ತೆಗೆದ್ರೆ ತಿಂಗಳೊಳಗೆ ಪುಟ್ಟಪುಟ್ಟ ಹೊಸ ಎಲೆ ಬರುತ್ತೆ. ತೊಟ್ಟು ಉಳಿಸಿ ತೆಗೆಯೋದು ನಾಜೂಕಿನ ಕೆಲಸ, ನಮ್ಮ ಹಳೆ ಆಳುಗಳಿಗೂ ಬರಲ್ಲ. ಯಾರಯ್ಯ ಮಾಡಿದ್ದು?"

"ನಮ್ಮ ಮಾವನ ಮೇಕೆ ಸಾರ್."



"ನಿನ್ನ ಜಾಗ ಇನ್ನೂ ಖಾಲಿ ಇದೆ. ಅದನ್ನ ಕಳಿಸು."

ಗಂಟು

ಮಾಲೀಕರ ಮಾತು ಸುಳ್ಳಾಗಲಿಲ್ಲ. ಯುಗಾದಿ ಹೊತ್ತಿಗೆ ಉಗುರಿನಷ್ಟಗಲದ ಎಳೆ ಎಲೆ ತುಂಬಿಕೊಂಡಿತು. ಹಬ್ಬದ ಮರುದಿನ ಅವ್ವ, ನಾನು, ಗಿಡ ಮೂವರೂ ಮೊಳಕಾಲ್ಮೂರಿಗೆ ಹೋದೆವು. ಈ ಸಲ ಕಂಡಕ್ಟರಿಗೆ ಗಿಡದ ವಯಸ್ಸು ಹೇಳಲಿಲ್ಲ.

ಯಜಮಾನರು ಅದೇ ಗುಂಡಿಯಲ್ಲಿ ಕೂತಿದ್ದರು. ಮಗ್ಗದ ಮೇಲೆ ಬೇರೆ ಬಣ್ಣದ ಸೀರೆ, ಅಷ್ಟೇ ವ್ಯತ್ಯಾಸ. ಮಾತಿಲ್ಲದೆ ಕಂಬದಿಂದ ಕೆಂಪು ಎಳೆ ಬಿಚ್ಚಿ ಗಿಡಕ್ಕೆ ಹಿಡಿದರು. ಗಂಟು ಗಿಡದ ತುದಿಗಿಂತ ಎರಡು ಬೆರಳು ಮೇಲೆ ನಿಂತಿತು. ಎರಡನೇ ಸಲ ಅಳೆದರು. ಆಗಲೂ ಅಷ್ಟೇ.

"ವರ್ಷ ಸಾಕಿದ ಮೇಲೆ ಕುಗ್ಗೈತಲ್ಲ?"

"ಕತ್ತರಿಸಿದೆ ಯಜಮಾನ್ರೇ. ಬೋನ್ಸಾಯಿಗೆ ಕತ್ತರಿಸ್ತಾ ಇರಬೇಕು."

ಅವರು ತುದಿಯ ಗಾಯದ ಮೇಲೆ ಹೆಬ್ಬೆರಳು ಆಡಿಸಿದರು. "ನಮ್ಮಪ್ಪ ಕುರಿ ಕಾಯ್ದೋನು. ಕತ್ತರಿ ಯಾವುದು, ಹಲ್ಲು ಯಾವುದು ನನಗೆ ಗೊತ್ತಾಗಲ್ವಾ?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ಮೇಕೆಯ ಕಥೆ ಒಪ್ಪಿಸಿದೆ. ಹೇಳಿ ಮುಗಿಸುವಾಗ, ವರ್ಷವಿಡೀ ಹೊತ್ತ ಶೇಂಗಾ ಮೂಟೆಗಳೆಲ್ಲ ಒಟ್ಟಿಗೇ ಹೆಗಲ ಮೇಲೆ ಬಂದು ಕೂತಂತಾಯಿತು.

"ಮೇಕೆಯಿಂದ ಗಿಡ ಕಾಯೋಕಾಗಲಿಲ್ಲ. ಕೂತು ಸಾಕಪ್ಪ ಅಂದ್ರೆ, ಕೂತು ಕುಗ್ಗಿಸಿ ತಂದೀಯ" ಅಂದರು ಯಜಮಾನರು. "ಇಂಥೋನ ಮನೇಲಿ ನನ್ನ ಮಗಳು ಏನು ಬೆಳೀತಾಳೆ?"

ಒಳಗೆ ಕಂಡಿಕೆ ಸುತ್ತುವ ರಾಟೆ ನಿಂತಿತು. ಹುಡುಗಿ ಹೊರಗೆ ಬಂದಳು. ನನ್ನ ಕಡೆ ನೋಡಲೇ ಇಲ್ಲ. ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಂಬೆಯೊಂದರಿಂದ ಇಳಿಬಿದ್ದಿದ್ದ ಎಳೆಯಷ್ಟು ತೆಳ್ಳಗಿನ ಬಿಳಲನ್ನು ಬೆರಳಿನಿಂದ ಎತ್ತಿ ತೋರಿಸಿದಳು.

"ಹೋದ ವರ್ಷ ಇದು ಇರಲಿಲ್ಲ. ಬಿಳಲು ಬಿಟ್ಟೈತೆ. ನೀನು ಬರೀ ಮೇಲಕ್ಕೆ ಅಳೀತೀಯ, ಅಪ್ಪ. ಅದು ಕೆಳಕ್ಕೆ ಬೆಳೆದೈತೆ."

"ಕೆಳಕ್ಕೆ ಬೆಳೆಯೋದೂ ಒಂದು ಬೆಳೆಯೋದಾ?"

"ಮತ್ತೆ ನೀನು ನಲವತ್ತು ವರ್ಷದಿಂದ ಅದೇ ಗುಂಡಿಯೊಳಗೆ ಕೂತಿದ್ದೀಯಲ್ಲ, ನೀನು ಯಾವ ಕಡೆಗೆ ಬೆಳೆದೆ?"

ಸೊಂಟದವರೆಗೆ ನೆಲದೊಳಗಿದ್ದ ಯಜಮಾನರು ಒಮ್ಮೆ ತಮ್ಮನ್ನು ನೋಡಿಕೊಂಡರು, ಒಮ್ಮೆ ಕುಂಡದಲ್ಲಿದ್ದ ಗಿಡವನ್ನು ನೋಡಿದರು. ಆಮೇಲೆ ಕೆಂಪು ಎಳೆಯ ಹಳೇ ಗಂಟನ್ನು ಹಲ್ಲಿನಿಂದ ಬಿಚ್ಚಿ, ಎರಡು ಬೆರಳು ಕೆಳಗೆ ಹೊಸ ಗಂಟು ಹಾಕಿ, ಅವ್ವನ ಕಡೆ ತಿರುಗಿದರು.

"ಬೇಗ ಒಂದು ದಿನ ನೋಡಿ ಕರ್ಕೊಂಡು ಹೋಗ್ರಮ್ಮ ಇವಳನ್ನ. ಗಿಡ ಕಂಡಿದ್ದೇ ತಡ, ನನ್ನನ್ನೇ ಕತ್ತರಿಸೋಕೆ ಶುರು ಮಾಡವ್ಳೆ."