ಕಾಲು ಎತ್ತದ ಕಾಕಾ

ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮೀನು ಹೊಡೆಯುವ ಈಟಿ! ಈ ಮೂರೂ ಒಟ್ಟಿಗಿರುವ ಮನುಷ್ಯ ಇಡೀ ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಕಾಕಾ, ನನ್ನ ಅಪ್ಪನ ತಮ್ಮ, ಒಬ್ಬನೇ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಹಾಗಂತ ಅವನು ಮೀನು ತಿನ್ನುತ್ತಾನೆಯೇ? ಛೇ, ಛೇ! ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಪ್ರಾಣಿ ಅದು. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಅದನ್ನು ಎಲೆಯ ಮೇಲೆ ಕೂಡಿಸಿಕೊಂಡು ಹೋಗಿ ಹಿತ್ತಲಿಗೆ ಬಿಟ್ಟು ಬರುತ್ತಾನೆ. ಮೀನಿನ ರುಚಿ ಹೇಗೆ ಎಂದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಮೀನು ಹಿಡಿಯುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ಲೆಕ್ಕ.

ಇದಕ್ಕೆಲ್ಲ ಸರ್ಕಾರವೇ ಕಾರಣ. ಕರಜಗಿಯ ಕಬ್ಬಿನ ಹೊಲ ಬಿಟ್ಟರೆ ಬೇರೆ ಹಸಿರನ್ನೇ ನೋಡದ ಹುಡುಗನಿಗೆ ಗುಮಾಸ್ತನ ಕೆಲಸ ಕೊಟ್ಟು, ಸೀದಾ ಕರಾವಳಿಯ ಒಂದು ಬಂದರಿಗೆ ಒಗೆದುಬಿಟ್ಟಿತು. ಅಲ್ಲಿ ಜೋಳದ ರೊಟ್ಟಿ ಇಲ್ಲ, ಇವನ ಮಾತು ಯಾರಿಗೂ ತಿಳಿಯುವುದಿಲ್ಲ, ಅವರ ಮಾತು ಇವನಿಗೆ ತಿಳಿಯುವುದಿಲ್ಲ. ಸಂಜೆಯಾದರೆ ದಂಡೆಯಲ್ಲಿ ಕೂತು ಅಳುವಷ್ಟು ಬೇಸರ. ಅಲ್ಲಿನ ಮೀನುಗಾರನೊಬ್ಬ ನೋಡಿ ನೋಡಿ ಸಾಕಾಗಿ, ಒಂದು ದಿನ ಇವನ ಕೈಗೆ ಈಟಿ ಕೊಟ್ಟು ನೀರಿಗೆ ಇಳಿಸಿದನಂತೆ. ಅಷ್ಟೇ! ಅಂದಿನಿಂದ ನಿವೃತ್ತಿಯವರೆಗೆ ಕಾಕಾ ಆ ಊರಿನಿಂದ ವರ್ಗ ಬೇಕೆಂದು ಅರ್ಜಿ ಹಾಕಲಿಲ್ಲ.

ಅವರು ಹಿಡಿಯುತ್ತಿದ್ದದ್ದು ನಂಗ್ ಎಂಬ ಮೀನು. ನಮ್ಮ ಕಾಕಿಗೆ, ಅಂದರೆ ಕಾಕಾನ ಹೆಂಡತಿಗೆ, ಅವನು ಅದನ್ನು ವರ್ಣಿಸುತ್ತಿದ್ದ ರೀತಿಯೇ ಬೇರೆ.

“ನಿನ್ನ ರೊಟ್ಟಿಕಿಂತ ತೆಳ್ಳಗ ಇರ್ತದ ನೋಡು. ಎರಡೂ ಕಣ್ಣ ಒಂದ ಮಗ್ಗಲಿಗೆ. ಉಸುಕಿನಾಗ ಹುಗಕೊಂಡು ಮಕ್ಕೊಂಡಿರ್ತದ, ಕಣ್ಣಿಗಿ ಕಾಣಂಗೇ ಇಲ್ಲ!”

“ಕಾಣಂಗಿಲ್ಲಂದ್ರ ಹೊಡೀತಿದ್ರಿ ಹ್ಯಾಂಗ್ರಿ?”

“ಅಂಗಾಲಿಲೆ ನೋಡಬೇಕು! ಸಮುದ್ರ ಹಿಂದಕ ಸರದಾಗ ಬಂದರಿನಾಗ ಮೊಳಕಾಲ ನೀರ ಉಳೀತದ. ಅದರಾಗ ಕಾಲ ಎತ್ತಬಾರ್ದು. ಸವರಿಕೋತ, ಸವರಿಕೋತ ಹೋಗಬೇಕು. ಅಂಗಾಲಿಗಿ ಮೆತ್ತಗ ಹತ್ತಿತೋ, ಈಟಿ!”

“ಖರೇ ಹೇಳ್ರಿ, ಎಷ್ಟ ಹೊಡದ್ರಿ?”

ಈ ಪ್ರಶ್ನೆ ಬಂದಾಗಲೆಲ್ಲ ಕಾಕಾನಿಗೆ ಹೊಲದಲ್ಲಿ ನೀರು ಬಿಟ್ಟು ಬಂದದ್ದು ನೆನಪಾಗುತ್ತಿತ್ತು. ಅವನು ಒಂದನ್ನೂ ಹೊಡೆದಿರಲಿಕ್ಕಿಲ್ಲ ಎಂದೇ ಕಾಕಿಯ ಗುಮಾನಿ.

ನಿವೃತ್ತನಾಗಿ ಊರಿಗೆ ಬರುವಾಗ ಕಾಕಾ ತಂದ ಆಸ್ತಿ ಎಂದರೆ ಆ ಈಟಿ, ಮತ್ತು ಸುತ್ತಲೂ ಸೀಸದ ಗುಂಡು ಕಟ್ಟಿದ ಒಂದು ಬೀಸುಬಲೆ. ಆ ಬಲೆಯ ದಾರ ಸಮುದ್ರಕ್ಕೂ ಹರಿಯುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಜೇವರ್ಗಿಯಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ತಡೆದನಂತೆ.

“ಏನ್ರಿ ಇದು?”

“ಮೀನ ಹೊಡಿಯೋ ಈಟಿರಿ.”

ಕಂಡಕ್ಟರ್ ಈಟಿ ನೋಡಿದ, ಹಣೆ ನೋಡಿದ, ಕೊರಳು ನೋಡಿದ. “ಯಾರದ ತಂದೀರಿ?” ಎಂದ. “ನಂದೇರಿ” ಎಂದ ಕಾಕಾ, ಎದೆಯುಬ್ಬಿಸಿ. ಕಂಡಕ್ಟರ್ ಈಟಿಗೂ ಒಂದು ಟಿಕೆಟ್ ಹರಿದು ಕೊಟ್ಟ. ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರು.

ಊರಿನ ಭೀಮಾ ಹೊಳೆ ಕಾಕಾನಿಗೆ ಒಂದು ದಿನವೂ ಒಲಿಯಲಿಲ್ಲ. ಬಲೆ ಬೀಸಿದರೆ ಜಾಲಿ ಟೊಂಗೆ ಬರುತ್ತಿತ್ತು, ಹರಿದ ಚಪ್ಪಲಿ ಬರುತ್ತಿತ್ತು, ಒಮ್ಮೆ ಯಾರದೋ ನೀರೆತ್ತುವ ಪಂಪಿನ ಪೈಪೇ ಬಂದು ಜಗಳವಾಯಿತು. ಮೀನು ಮಾತ್ರ ಬರಲಿಲ್ಲ. ಆದರೂ ಕಾಲು ಸವರಿಕೊಂಡು ನಡೆಯುವ ಚಾಳಿ ಅವನಿಗೆ ಅಂಟಿಯೇ ಹೋಯಿತು. ಬಜಾರಿನಲ್ಲೂ ಅದೇ ನಡಿಗೆ, ಮದುವೆ ಮಂಟಪದಲ್ಲೂ ಅದೇ ನಡಿಗೆ! ಖಜೂರಿಯ ಬೀಗರ ಮನೆಗೆ ಹೋದಾಗ ಅವರು ಪಾಪ, ಮಂಡಿನೋವು ಎಂದುಕೊಂಡು ಎಣ್ಣೆ ಕಾಯಿಸಿ ತಂದರು. ಕಾಕಾ ನಂಗ್ ಮೀನಿನ ಕಥೆ ಹೇಳಿದ. ಕಥೆಯೊಂದೇ ಸಾಲದೆಂದು ಜೊತೆಗೇ ತಂದಿದ್ದ ಬಲೆ ತೆಗೆದು ಅಂಗಳದಲ್ಲಿ ಬೀಸಿಯೂ ತೋರಿಸಿದ. ಬಲೆ ಆಕಾಶದಲ್ಲಿ ಚೆಂದಾಗಿ ಅರಳಿತು, ಹೊರಸಿನ ಮೇಲೆ ಕೂತಿದ್ದ ಹಿರಿಯ ಬೀಗರ ಮೇಲೆ ಇಳಿಯಿತು.

“ಬಿಡಸ್ರಿಪಾ ಜರಾ, ಚಾ ಆರಾಕತ್ತದ!” ಎಂದರು ಬೀಗರು ಬಲೆಯೊಳಗಿನಿಂದ. ಕಾಕಾನ ಜೀವಮಾನದ ಅತಿ ದೊಡ್ಡ ಬೇಟೆ ಅದು.

ಊರೆಲ್ಲ ನಕ್ಕರೂ ನಗದೇ ಉಳಿದವಳು ಒಬ್ಬಳು. ನಮ್ಮ ಆಯಿ. ಅಂದರೆ ನನ್ನ ಅಪ್ಪನ ಮತ್ತು ಕಾಕಾನ ತಾಯಿ. ಕಾಕಾ ಚಿಕ್ಕವನಿದ್ದಾಗ ಆಯಿಯ ಲಿಂಗಪೂಜೆಗೆ ಬಾವಿಯಿಂದ ನೀರು ತರುವ ಕೆಲಸ ಅವನದೇ ಆಗಿತ್ತಂತೆ. ಬೇರೆ ಯಾರು ತಂದರೂ ಆಯಿಗೆ ಸರಿಬರುತ್ತಿರಲಿಲ್ಲ. ಈಟಿ ಹಿಡಿದು ಮನೆಗೆ ಬಂದ ದಿನ ಆಯಿ ಬಾಗಿಲಲ್ಲೇ ನಿಂತು ಹೇಳಿದಳು:

“ಲಿಂಗ ಹಿಡಿಯೋ ಕೈಲೇ ಈಟಿ ಹಿಡದಿ. ಆ ಬಲಿ ಹೊಸ್ತಿಲ ದಾಟಬಾರ್ದು. ನನ್ನ ಪೂಜಿ ನೀರ ನೀ ಮುಟ್ಟಬಾರ್ದು.”

ಈಟಿ ಮತ್ತು ಬಲೆ ದನದ ಕೊಟ್ಟಿಗೆ ಸೇರಿದವು. ಪೂಜೆಯ ನೀರು ತರುವ ಕೆಲಸ ನನ್ನ ಅವ್ವನಿಗೆ ಬಂತು. ಆದರೆ ಕಾಕಾ ಎಂಥವನು ನೋಡಿ! ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪೂಜೆಯ ಕೋಣೆಯ ಹೊರಗೆ ನಿಂತು ಕೇಳುತ್ತಿದ್ದ.

“ಯವ್ವಾ, ನೀರ ತರ್ಲೇನು?”

“ಬಂದಾವ” ಎನ್ನುತ್ತಿದ್ದಳು ಆಯಿ, ಒಳಗಿನಿಂದಲೇ.

ಬಂದಿರಲಿ, ಬಿಡಲಿ, ಉತ್ತರ ಅದೇ. ಕಾಕಾ “ಹೌದೇನು, ಬಂದಾವೇನು” ಎಂದು ನಗುತ್ತಾ ತಿರುಗುತ್ತಿದ್ದ. ಆ ನಗು ಅಂಗಳ ದಾಟುವವರೆಗೆ ಉಳಿಯುತ್ತಿರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಬಲೆ ಒಗೆದುಬಿಟ್ಟರೆ ಮುಗಿಯಿತಲ್ಲ ಎಂದು ಅಪ್ಪ ಎಷ್ಟೋ ಸಲ ಬುದ್ಧಿ ಹೇಳಿದ. “ದಿಕ್ಕಿಲ್ಲದಾಗ ಕೈ ಹಿಡದದ್ದು ಅಣ್ಣಾ ಅದು, ಹ್ಯಾಂಗ ಒಗೀಲಿ?” ಎಂದ ಕಾಕಾ. ತಾಯಿ ಬಿಡಲಾರ, ಬಲೆ ಬಿಡಲಾರ!

ಈ ವರ್ಷದ ಸಂಕ್ರಮಣಕ್ಕೆ ಎಲ್ಲರೂ ಟ್ರ್ಯಾಕ್ಟರಿನಲ್ಲಿ ಹೊಳೆಗೆ ಹೋದೆವು. ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯುವುದು, ದಂಡೆಯಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಟ್ರಾಲಿಯಲ್ಲಿ ಆಯಿಗೆ ಕುಲುಕಬಾರದೆಂದು ಕಾಕಾ ಮೆತ್ತಗೆ ಒಂದು ಗೋಣಿಚೀಲದ ಗಂಟು ಹಾಕಿಕೊಟ್ಟಿದ್ದ. ಆಯಿ ಅದರ ಮೇಲೆ ಆರಾಮಾಗಿ ಕೂತು ಬಂದಳು.

ಹೊಳೆಯಲ್ಲಿ ನಡುಮಟ್ಟ ನೀರು. ಆಯಿ ಮುಳುಗಿ ಎದ್ದಳು. ಎದ್ದವಳ ಕೈ ಎದೆಗೆ ಹೋಯಿತು, ಅಲ್ಲಿಯೇ ನಿಂತಿತು. ಲಿಂಗ ಕಟ್ಟಿದ ಹಳೆಯ ಶಿವದಾರ ಹರಿದಿತ್ತು. ಲಿಂಗವಿದ್ದ ಬೆಳ್ಳಿಯ ಕರಡಿಗೆ ನೀರಿನ ಪಾಲಾಗಿತ್ತು.

ಲಿಂಗ ಮೈಮೇಲಿಲ್ಲದೆ ಆಯಿ ತುತ್ತು ಅನ್ನ ಮುಟ್ಟುವವಳಲ್ಲ, ಹನಿ ನೀರು ಕುಡಿಯುವವಳಲ್ಲ. ಸಕ್ಕರೆ ಕಾಯಿಲೆಯವಳು ಬೇರೆ. ಬೆಳಗಿನ ಗುಳಿಗೆ ನುಂಗಿದ್ದಾಳೆ, ಪೂಜೆಯಾಗದೆ ಏನೂ ತಿಂದಿಲ್ಲ. ದಂಡೆಯ ಮೇಲೆ ಕೂಡಿಸಿದಾಗ ಆಗಲೇ ಅವಳ ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು.

“ಯವ್ವಾ, ಒಂದ ತುಣುಕ ಹೋಳಿಗಿ ತಿನ್ನು. ಮಠದ ಅಯ್ಯನವರ ಕಡಿಂದ ಬ್ಯಾರೆ ಲಿಂಗ ಕಟ್ಟಸ್ಕೊಂಡ್ರಾತು” ಎಂದ ಅಪ್ಪ.

“ನಾ ಸತ್ರ ಬ್ಯಾರೆ ಅವ್ವನ್ನ ತರ್ತೀಯೇನು?” ಎಂದಳು ಆಯಿ. “ಸಿಗಲಿಲ್ಲಂದ್ರ ನಾ ಮನೀಗಿ ಬರಂಗಿಲ್ಲ.”

ನಾವೆಲ್ಲ ನೀರಿಗೆ ಧುಮುಕಿ ತಡಕಾಡಿದೆವು. ಹೊಳೆ ಚಹದ ಬಣ್ಣಕ್ಕೆ ತಿರುಗಿತು. ಆಗ ಕಾಕಾ ಕೂಗಿದ: “ಎಲ್ಲಾರೂ ಹೊರಗ ಬರ್ರಿ! ತುಳದಷ್ಟ ಅದು ಒಳಗ ಹುಗೀತದ!” ಅವನು ಅಷ್ಟು ಜೋರಾಗಿ ಗದರಿದ್ದನ್ನು ನಾನು ಕೇಳಿರಲೇ ಇಲ್ಲ. ಎಲ್ಲರೂ ಹೊರಗೆ ಬಂದೆವು. ಕಾಕಾ ಟ್ರಾಲಿಗೆ ಹೋಗಿ ರೊಟ್ಟಿಬುಟ್ಟಿಗಳ ಹಿಂದಿನಿಂದ ಈಟಿ ಎಳೆದ, ಗೋಣಿಚೀಲದ ಗಂಟು ಬಿಚ್ಚಿದ. ಒಳಗೆ ಬಲೆ!

“ಇದರ ಮ್ಯಾಲ ಕುಂದರ್ಸಿ ತಂದಿಯೇನಲೇ ನನ್ನ?” ಆ ಸ್ಥಿತಿಯಲ್ಲೂ ಆಯಿಗೆ ಸಿಟ್ಟು ಬಂತು.

ಆಯಿ ಮುಳುಗಿದ ಜಾಗದಲ್ಲಿ ಕಾಕಾ ಗುರುತಿಗೆ ಈಟಿ ನೆಟ್ಟ. ರಾಡಿ ತಿಳಿಯಾಗುವವರೆಗೆ ಕಾದ. ಆಮೇಲೆ ಹೊರಟಿತು ನೋಡಿ ಆ ನಡಿಗೆ! ನಾವು ಇಷ್ಟು ವರ್ಷ ಅಣಕಿಸಿ ನಕ್ಕಿದ್ದ ಅದೇ ನಡಿಗೆ. ಕಾಲು ಎತ್ತದೆ, ಸವರಿಕೊಂಡು, ಕಣ್ಣು ಮುಚ್ಚಿ. ಆ ಕಡೆ ಹೋದ, ಈ ಕಡೆ ಬಂದ. ಆಯಿ ಕಾಕಿಯ ಹೆಗಲಿಗೆ ಒರಗಿದ್ದಳು.

ಕಾಕಾ ನಿಂತ. “ಕಾಲ ಕೆಳಗ ಅದ” ಎಂದ, ಪಿಸುಮಾತಿನಲ್ಲಿ. “ಕೈ ಹಾಕಿದ್ರ ಸೆಳವಿಗಿ ಹೋಗ್ತದ, ಬಲಿ ತಾ.”

ಆಯಿಯನ್ನು ನನ್ನ ಅವ್ವನ ಕೈಗೆ ಒಪ್ಪಿಸಿ ಕಾಕಿ ಬಲೆ ಹಿಡಿದು ಸೀರೆಸಮೇತ ನೀರಿಗಿಳಿದಳು. ಸೆಳವು ಹರಿಯುವ ಕಡೆಗೆ ಇಬ್ಬರೂ ಬಲೆಯನ್ನು ತಳಕ್ಕೆ ಒತ್ತಿ ಹಿಡಿದರು. ಆಗ ಕಾಕಾ ಮೆಲ್ಲಗೆ ಕಾಲು ಎತ್ತಿ, ತಳವನ್ನು ಬಲೆಯ ಕಡೆಗೆ ಸವರಿದ. ಬಲೆ ಮೇಲೆ ಬಂತು. ಒಂದಿಷ್ಟು ಕೆಸರು, ಒಂದು ಕಲ್ಲು, ಆಯಿಯ ಕರಡಿಗೆ. ಮತ್ತು ಬೆರಳುದ್ದದ ಒಂದು ಮೀನು! ಭೀಮಾ ಹೊಳೆ ಕಾಕಾನಿಗೆ ಕೊಟ್ಟ ಮೊಟ್ಟಮೊದಲ ಮೀನು ಪಟಪಟ ಒದ್ದಾಡುತ್ತಿತ್ತು. ಕಾಕಾ ಅದರ ಕಡೆ ನೋಡಲೂ ಇಲ್ಲ, ಹಾಗೆಯೇ ನೀರಿಗೆ ಜಾರಿಸಿದ.

ದಂಡೆಗೆ ಬಂದು ಕಾಕಾ ಬಲೆಯನ್ನು ಆಯಿಯ ಮುಂದೆ ಇಟ್ಟ. ಕರಡಿಗೆಯನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತ.

“ಮೀನಿನ ಬಲಿಯೊಳಗ ಬಂದ ಲಿಂಗ...” ಎಂದು ಅಪ್ಪ ರಾಗ ಎಳೆದ. “ನಡೀತದೋ ಇಲ್ಲೋ, ಅಯ್ಯನವರನ್ನ ಒಂದ ಮಾತ ಕೇಳಬೇಕಾಗ್ತದ.”

“ಕೇಳಿ ಬಾ ಹೋಗು” ಎಂದಳು ಆಯಿ. “ನೀ ಬರೋದ್ರಾಗ ನಂದು ಊಟ ಆಗಿರ್ತದ.”

ಕರಡಿಗೆ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಹರಿದ ಶಿವದಾರ ನೋಡಿದಳು. ಬಲೆ ನೋಡಿದಳು. ಆಮೇಲೆ ಕಾಕಾನ ಮುಖ ನೋಡಿದಳು.

“ಈ ಬಲಿ ದಾರ ಸಮುದ್ರಕ್ಕೂ ಹರಿಯಂಗಿಲ್ಲ ಅಂತಿದ್ದಿ ಅಲ್ಲೇನು?”

“ಹರಿಯಂಗಿಲ್ಲ ಯವ್ವಾ.”

“ಮತ್ತ ಕೊಯ್ಯಿ ಒಂದ ಮಾರ. ನೀನೇ ಕಟ್ಟು.”

ಕಾಕಾ ಬಲೆಯ ಅಂಚಿನ ದಾರ ಕೊಯ್ದು, ಕರಡಿಗೆಗೆ ಪೋಣಿಸಿ, ತಾಯಿಯ ಕೊರಳಿಗೆ ಕಟ್ಟಿದ. ಬೀಗರ ಮನೆಯಲ್ಲಿ, ಬಸ್ಸಿನಲ್ಲಿ, ಬಜಾರಿನಲ್ಲಿ ಎಲ್ಲಿಯೂ ಬಾಯಿ ಮುಚ್ಚದ ಮನುಷ್ಯ ಅಂದು ಸಂಜೆಯವರೆಗೆ ಕೊಯ್ದ ಬಲೆಯ ಅಂಚಿಗೆ ಗಂಟು ಹಾಕುತ್ತಾ ಕೂತ. ನಂಗ್ ಮೀನಿನ ಹೆಸರೂ ಎತ್ತಲಿಲ್ಲ ಎಂದರೆ ನಂಬುತ್ತೀರಾ? ದಂಡೆಯಲ್ಲಿ ಪೂಜೆ ಮುಗಿಸಿ ಆಯಿ ಸಜ್ಜೆ ರೊಟ್ಟಿ ಮುರಿದ ಮೇಲೆ ನಾವೂ ಉಂಡೆವು.

ಮರುದಿನ ಬೆಳಿಗ್ಗೆ ಕಾಕಾ ಪೂಜೆಯ ಕೋಣೆಯ ಹೊರಗೆ ಬಂದು ನಿಂತ. ಯಾಕೋ ಏನೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲವೇನೋ. ಅವ್ವ ಆಗಲೇ ನೀರು ತುಂಬಿ ಒಳಗಿಟ್ಟಿದ್ದಳು, ನಾನೇ ನೋಡಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆಯಿಯ ದನಿ ಬಂತು.

“ಯಾಕಲೇ, ಇವತ್ತ ಇನ್ನಾ ನೀರೇ ಬರ್ಲಿಲ್ಲಲ್ಲ?”

ಕಾಕಾ ತಾಮ್ರದ ತಂಬಿಗೆ ಹಿಡಿದು ಬಾವಿಗೆ ಹೋದ. ತುಂಬಿಕೊಂಡು ವಾಪಸು ಬರುವಾಗಲೂ ಅದೇ ನಡಿಗೆ. ಕಾಲು ಎತ್ತದೆ, ಅಂಗಳವನ್ನು ಸವರಿಕೊಂಡು, ಒಂದು ಹನಿಯನ್ನೂ ಚೆಲ್ಲದೆ ಬಂದು, ಹೊಸ್ತಿಲು ದಾಟಿ ಒಳಗೆ ಹೋದ.