ಒಂದೇ ಹಾಳೆಯ ಎರಡು ಬದಿಗಳ ಕುರಿತು ಕ್ಷೌರಿಕ ಕೇಟೋನ ಮನವಿ

ಹಿಕರಿ ದಿನ್ನೆ, ವರ್ಜೀನಿಯಾ
3 ಜೂನ್ 1776

ಇಂದ,
ಕೇಟೋ (ಮನೆತನದ ಹೆಸರು: ಕೊಟ್ಟಿಲ್ಲ),
ಯಜಮಾನರ ಖಾಸಾ ಕ್ಷೌರಿಕ, ಹೊಗೆಸೊಪ್ಪಿನ ತೋಟದ ಹಿಂದಿನ ಗುಡಿಸಲು.

ಗೆ,
ಕರ್ನಲ್ ಲೆಮ್ಯುಯೆಲ್ ಹ್ಯಾಸ್‌ಕೋಟ್ ಅವರು,
ಪ್ರಾಂತ್ಯದ ಮಹಾಸಭೆಯ ಸದಸ್ಯರು, ಸ್ವಾತಂತ್ರ್ಯಪ್ರಿಯರು, ಅದೇ ತೋಟದ ಮಹಡಿ ಮನೆ.

ವಿಷಯ: ನನ್ನ ಮಗಳು ಡೆಲ್ಫಿಯನ್ನು (11 ವರ್ಷ) ಮದುವೆ ಉಡುಗೊರೆಯ ಪಟ್ಟಿಯಿಂದ ಕೈಬಿಡುವ ಬಗ್ಗೆ.

ಉಲ್ಲೇಖ: 1. ತಾವು ಬರೆಯುತ್ತಿರುವ ಹಕ್ಕುಗಳ ಘೋಷಣೆ, ನಾಲ್ಕನೇ ಕರಡು.
2. ಅದೇ ಹಾಳೆಯ ಹಿಂಬದಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಹದಿನಾಲ್ಕು ವರ್ಷಗಳಿಂದ ತಮ್ಮ ಕ್ಷೌರ ಮಾಡುತ್ತಿದ್ದೇನೆ. ಕತ್ತಿಯ ನೊರೆ ಒರೆಸಲು ತಾವು ಬರೆದು ಬಿಸಾಡಿದ ಕಾಗದಗಳನ್ನೇ ಕೊಡುತ್ತೀರಿ. ಆ ಕಾರಣದಿಂದ ನನಗೆ ಓದು ಬಂದಿದೆ. ಇದು ಅಪರಾಧವಾದಲ್ಲಿ ಕಾಗದ ಒದಗಿಸಿದವರು ತಾವು.

2. ಹೋದ ವಾರ ಮುಖದ ತುಂಬ ನೊರೆ ಇರುವಾಗ ತಾವು ಭಾಷಣದ ಅಭ್ಯಾಸ ಮಾಡುತ್ತಾ ಕೇಳಿದಿರಿ: "ಲೋ ಕೇಟೋ, ಮಕ್ಕಳ ಸ್ವಾತಂತ್ರ್ಯವನ್ನ ಹೆತ್ತಪ್ಪನೂ ಪರಭಾರೆ ಮಾಡೋ ಹಾಗಿಲ್ಲ. ಹೆಂಗಿದೆಯೋ?"

"ಗಟ್ಟಿಯಾಗಿದೆ ಬುದ್ಧಿ. ತುಟಿ ಅಲ್ಲಾಡಿಸ್ಬೇಡಿ."

3. ಅಲ್ಲೇ ಕುಳಿತು ಹಂದಿತೊಡೆ ತಿನ್ನುತ್ತಿದ್ದ ತಮ್ಮ ಷಡ್ಡಕರು, "ಎಲ್ಲ ಮನುಷ್ಯರೂ ಸ್ವತಂತ್ರರು ಅಂತೀಯಲ್ಲ, ಹಂಗಾದ್ರೆ ಇವನ ಕತೆ ಏನಯ್ಯಾ?" ಎಂದರು. ತಾವು, "ಅವ್ನಾ? ಅವ್ನಿನ್ನೂ ಸಮಾಜದೊಳಗೇ ಬಂದಿಲ್ಲ ಬಿಡು" ಎಂದು ನಕ್ಕಿರಿ. ಸಮಾಜದ ಗಡ್ಡ ಹೆರೆಯುತ್ತಾ ಅದರ ಮೂಗಿನಿಂದ ಮೂರು ಬೆರಳು ದೂರದಲ್ಲಿ ನಿಂತಿದ್ದ ನಾನು ಇನ್ನೂ ಎಷ್ಟು ಒಳಗೆ ಬರಬೇಕಿತ್ತೋ ತಿಳಿಯಲಿಲ್ಲ.

4. ನೊರೆ ಒರೆಸಲೆಂದು ಆ ಕರಡಿನ ಹಾಳೆಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ತಮ್ಮದೇ ಅಕ್ಷರ, ಅದೇ ಶಾಯಿ. ಜಾರ್ಜಿಯಾಕ್ಕೆ ಮದುವೆಯಾಗಿ ಹೋಗುವ ತಮ್ಮ ಮಗಳು ಮಿಸ್ ಲವೀನಿಯಾ ಅವರಿಗೆ "ಈ ಕೆಳಕಂಡವುಗಳನ್ನು ಶಾಶ್ವತವಾಗಿ ಪರಭಾರೆ ಮಾಡಿದ್ದೇನೆ": ಕಂದು ಕುದುರೆ ಒಂದು, ಡೆಲ್ಫಿ (ಹೊಲಿಗೆ ಬಲ್ಲಳು) ಒಂದು, ಗರಿಯ ಹಾಸಿಗೆ ಎರಡು.

ಹೀಗೆ ಮುಂಬದಿಯಲ್ಲಿ ಪರಭಾರೆ ಮಾಡಲಾಗದ್ದು ಹಿಂಬದಿಯಲ್ಲಿ ಪರಭಾರೆಯಾಗಿದೆ. ಆ ದಿನ ತಮ್ಮ ಗದ್ದ ಕೊಯ್ದದ್ದು ಇದೇ ಕಾರಣದಿಂದ. ಕತ್ತಿ ಮೊಂಡಾಗಿದೆ ಎಂದು ನಾನು ಹೇಳಿದ್ದು ಸುಳ್ಳು.

5. ಡೆಲ್ಫಿ ನನಗೆ ಒಬ್ಬಳೇ ಮಗಳು. ಜಾರ್ಜಿಯಾಕ್ಕೆ ಹೋದವರ ಮುಖವನ್ನು ಈ ತೋಟದಲ್ಲಿ ಯಾರೂ ಮತ್ತೆ ನೋಡಿಲ್ಲ. ಅವಳಿಲ್ಲದೆ ನನ್ನ ಕೈಲಿ ಬದುಕಲು ಆಗುವುದಿಲ್ಲ. ಇದಕ್ಕೆ ಸರ್ಕಾರಿ ಭಾಷೆಯಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ.

6. ನನ್ನ ಹೆಂಡತಿ, ತಮ್ಮ ಅಡುಗೆಯ ಸೂಕಿ, ಮೊದಲು, "ಅರ್ಜಿಯಂತೆ ಅರ್ಜಿ! ಚಾಟಿ ಏಟು ತಿನ್ನೋಕೆ ಅಷ್ಟು ಅವಸರಾನಾ ನಿಂಗೆ?" ಎಂದಳು. ಆಮೇಲೆ ಕಾವಲಿಯ ಮೇಲೆ ಸೀದು ಹೋದ ಜೋಳದ ರೊಟ್ಟಿಯನ್ನು ಕೆರೆದು ತೆಗೆಯುತ್ತಾ, "ಬರಿ. ಅಕ್ಷರ ದಪ್ಪಕ್ಕೆ ಬರಿ, ಅವ್ರಿಗೆ ಕಣ್ಣು ಮಂಜು" ಎಂದಳು. ಆದ್ದರಿಂದ ದಪ್ಪ ಅಕ್ಷರ.

7. ಇಂಗ್ಲೆಂಡಿನ ದೊರೆ ಜಾರ್ಜ್ ತಮ್ಮ ಅರ್ಜಿಗಳಿಗೆ ಉತ್ತರವನ್ನೇ ಕೊಡುವುದಿಲ್ಲ, ಇದಕ್ಕಿಂತ ದಬ್ಬಾಳಿಕೆ ಬೇರೆ ಇಲ್ಲ ಎಂದು ತಾವು ಕನ್ನಡಿಯೆದುರು ಹಲವು ಸಲ ಗುಡುಗಿದ್ದೀರಿ. ಉತ್ತರ ಕೊಡದ ದೊರೆಯನ್ನು ಏನು ಮಾಡಬೇಕೆಂಬುದನ್ನೂ ಹೇಳಿದ್ದೀರಿ. ಎರಡನ್ನೂ ನಾನು ಬಾಯಿಪಾಠ ಮಾಡಿದ್ದೇನೆ.

ಆದಕಾರಣ, ತಾವು ದಯಮಾಡಿ ಸದರಿ ಹಾಳೆಯ ಯಾವುದಾದರೂ ಒಂದು ಬದಿಯನ್ನು ಹೊಡೆದುಹಾಕಿ ಸಹಿ ಮಾಡಬೇಕಾಗಿ ಕೋರುತ್ತೇನೆ. ಎರಡೂ ಬದಿ ಹಾಗೇ ಉಳಿಯಬೇಕೆಂದಾದಲ್ಲಿ ಕಾರಣವನ್ನು ಅಂಚಿನಲ್ಲಿ ಬರೆಯಬಹುದು. ಜಾಗ ಕಡಿಮೆ ಇದೆ.

ತಮ್ಮ ವಿಶ್ವಾಸಿ ಹಾಗೂ ಚರಾಸ್ತಿ,
ಕೇಟೋ

ಅಡಕಗಳು:
ಅ) ಉಲ್ಲೇಖಿತ ಹಾಳೆ ಒಂದು, ನೊರೆಯ ಕಲೆ ಸಹಿತ.
ಆ) ಡೆಲ್ಫಿ ಹೊಲಿದ ಕರವಸ್ತ್ರ ಒಂದು. ತಮ್ಮ ಗದ್ದದ ರಕ್ತ ಒರೆಸಿದ್ದು ಇದರಲ್ಲೇ.

ವಿ.ಸೂ: ಈ ಅರ್ಜಿಯನ್ನು ನಾಳೆ ಬೆಳಿಗ್ಗೆ ತಮಗೆ ನೊರೆ ಹಚ್ಚಿದ ಮೇಲೆ ಕೈಗೆ ಕೊಡಲಾಗುವುದು. ಕತ್ತಿಯನ್ನು ಇವತ್ತೇ ಮಸೆದಿಟ್ಟಿದ್ದೇನೆ. ಓದಿ ಮುಗಿಯುವವರೆಗೆ ಗದ್ದ ಎತ್ತಿಕೊಂಡು ಅಲುಗಾಡದೆ ಕುಳಿತಿರಬೇಕಾಗಿ ವಿನಂತಿ.