ಹೆಬ್ಬೆರಳುದ್ದದ ಮಾವ

ಐವತ್ತರ ಅಂಚಿಗೆ ಬಂದ ಗಂಡಸು ಇಸ್ಪೀಟು ಆಡುತ್ತಾನೆಂದರೆ ಹೆಂಡತಿಯ ತವರಿನವರು ಹೇಗೋ ಸಹಿಸಿಕೊಳ್ಳುತ್ತಾರೆ; ಗೊಂಬೆ ಆಡುತ್ತಾನೆಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಆಡುವುದು ಗೊಂಬೆಯನ್ನೇ. ಯುದ್ಧವಿಮಾನದ ಪುಟ್ಟ ಮಾದರಿ ಜೋಡಿಸಿ, ಸುತ್ತ ಪೈಲಟ್ಟು, ಮೆಕ್ಯಾನಿಕ್ಕುಗಳನ್ನು ನಿಲ್ಲಿಸಿ, ಹಲಗೆಯ ಮೇಲೆ ಒಂದು ವಾಯುನೆಲೆಯನ್ನೇ ಕಟ್ಟುತ್ತೇನೆ. ಈ ಹೆಬ್ಬೆರಳುದ್ದದ ಆಳುಗಳು ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಎರಕವಾದವರು. ಡಬ್ಬಿಯಲ್ಲಿ ತಲೆ ಬೇರೆ, ಕೈ ಬೇರೆಯಾಗಿ ಬರುತ್ತಾರೆ. ಅವರನ್ನು ಉಜ್ಜಿ, ಅಂಟಿಸಿ, ಬಣ್ಣ ಬಳಿಯುವಷ್ಟರಲ್ಲಿ ನನ್ನ ಭಾನುವಾರಗಳು ಮುಗಿದಿರುತ್ತವೆ. ಒಮ್ಮೆ ಮಂಚದ ಕೆಳಗೆ ಬೋರಲು ಬಿದ್ದು ಹುಡುಕುತ್ತಿದ್ದಾಗ ಹೆಂಡತಿ ಗಿರಿಜಾ, "ಏನ್ ಕಳದೈತ್ರಿ?" ಅಂದಳು. "ಕೈ" ಅಂದೆ. "ಯಾರ್ದು?" "ಪೈಲಟ್ಟಂದು." ಅವಳು ಗಾಬರಿಯಾಗಲಿಲ್ಲ. "ಮುಂಜಾನೆ ಗುಡಿಸಿ ಚೆಲ್ಲೀನಿ" ಎಂದು ಒಳಗೆ ಹೋದಳು.

ಇದೆಲ್ಲ ಹೊಸಪೇಟೆಯ ನಮ್ಮ ಮನೆಯ ಮಟ್ಟಿಗೆ ನಡೆದುಹೋಗುತ್ತಿತ್ತು. ತೊಂದರೆ ಇದ್ದದ್ದು ಅವಳ ತವರು ಕಂಪ್ಲಿಯಲ್ಲಿ. ಗಿರಿಜಾಳ ತಂದೆ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಬಂದಾಗಲೆಲ್ಲ ನನ್ನ ಮೇಜಿನ ಮುಂದೆ ನಿಂತು, "ಅಳಿಯಂದ್ರ, ಹಾರ್ತೈತೇನ್ರಿ ಇದು?" ಎಂದು ಕೇಳುತ್ತಿದ್ದರು. ಅವರ ಬಾಯಿಂದ ಒಂದು ಭೇಷ್ ಕೇಳಬೇಕೆಂಬುದು ನನ್ನ ಹಟವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಫೀಸಿನ ಪ್ರಮೋಷನ್ನಿಗೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಅದಕ್ಕೇ ಅವರನ್ನೇ, ನಟ್ಟು ಬಿಚ್ಚುವ ಪಾನಾ ಹಿಡಿದು ಇಂಜಿನ್ನಿನ ಕೆಳಗೆ ನಿಂತ ತರುಣ ಮೆಕ್ಯಾನಿಕ್ಕಾಗಿ ಮಾಡಲು ಕುಳಿತೆ. ಮುಖ ಅವರ ಹಳೆಯ ಫೋಟೋದಿಂದ ಬಂತು. ಮೈಯ ಭಂಗಿಗೆ ಫೋಟೋ ಇರಲಿಲ್ಲವಾದ್ದರಿಂದ ಬೀರುವಿನ ಕನ್ನಡಿಯ ಮುಂದೆ ನಾನೇ ಪಾನಾ ಎತ್ತಿಕೊಂಡು ನಿಂತು, ನೋಡಿ ನೋಡಿ ಪುಟ್ಟಿ ಮೆತ್ತಿದೆ. ನೆಲಕ್ಕೆ ನಾನು ಕೆಲಸ ಮಾಡುವ ಯಶವಂತನಗರದ ಗಣಿಯ ಕೆಂಪು ಧೂಳು. ಕಂಪನಿಯ ಬಸ್ಸಿಳಿದು ಬಂದಾಗ ನನ್ನ ಬೂಟಿನಿಂದಲೇ ಉದುರಿಸಿದ್ದು.

ಆಯುಧ ಪೂಜೆಯ ದಿನ ಬರೀ ಕಣ್ಣು ಬರೆಯುವುದು ಉಳಿದಿತ್ತು. ಮಾವ ಮರುದಿನ ಬರುವವರಿದ್ದರು. ಚೆಂಡುಹೂ ತರಲು ಪೇಟೆಗೆ ಹೋಗಿ ಬಂದು ನೋಡುತ್ತೇನೆ, ದೇವರ ಜಗುಲಿಯ ಮುಂದೆ ಹೊಲಿಗೆ ಯಂತ್ರ, ಈಳಿಗೆ, ಸುತ್ತಿಗೆಗಳ ಸಾಲಿನಲ್ಲಿ ನನ್ನ ಕುಂಚ, ಚಿಮಟಗಳೂ ವಿಭೂತಿ ಬಳಿದುಕೊಂಡು ಕುಳಿತಿವೆ! ವಿಮಾನದ ಮೂತಿಗೆ ಕುಂಕುಮ. ಮಾವನ ಹಣೆಗೂ ಕುಂಕುಮ. ಗಿರಿಜಾಳ ಬೆರಳಿಗೆ ಅವರ ಹಣೆ ಎಷ್ಟರದು, ಮೂಗಿನವರೆಗೂ ಇಳಿದಿತ್ತು.

"ಅಯ್ಯೋ, ಅವ್ರಿಗ್ಯಾಕ ಹಚ್ಚಿದಿ?"

"ಕೈಯಾಗ ಪಾನಾ ಐತಲ್ರಿ. ಅದಕ್ಕ ಹಚ್ಚಾಕ ಹೋದೆ, ಹಣೀನೂ ಸಿಕ್ತು."

"ಇನ್ನಾ ಕಣ್ಣು ಬರೀಬೇಕಲ್ಲೇ!"

"ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಂಗಿಲ್ಲ. ನಾಳೆ ಬರೀರಿ."

ಮರುದಿನ ನಾನು ಹಲ್ಲುಜ್ಜುತ್ತಿರುವಾಗಲೇ ಮಾವ ಮೊದಲ ಬಸ್ಸಿಗೆ ಬಂದುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಹಲಗೆಯ ಮುಂದೆ ಕುಳಿತರು. ಎಂದಿನ ಪ್ರಶ್ನೆ ಬರಲಿಲ್ಲ. "ನಾವೂ ವಿಮಾನಕ್ಕ ಹಿಂಗ ಕುಂಕುಮ ಹಚ್ತಿದ್ವಿ" ಅಂದರು. ಧ್ವನಿ ಮೆತ್ತಗಾಗಿತ್ತು. ಇದೇ ಸಮಯವೆಂದು, "ಆ ಪಾನಾ ಹಿಡದು ನಿಂತವ್ರು ನೀವ ಮಾವಾರ" ಅಂದೆ.

ಅವರು ಬಗ್ಗಿ ಗೊಂಬೆಯನ್ನು ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. "ಹೊಟ್ಟಿ ನೋಡ್ರಿ ಅಳಿಯಂದ್ರ. ಇದು ನೀವ."

ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಮಾವ ರೆಕ್ಕೆಯ ನೆರಳಲ್ಲಿ ಚಹಾ ಲೋಟ ಹಿಡಿದು ಕುಳಿತ ಇನ್ನೊಬ್ಬನನ್ನು ತೋರಿಸಿದರು. ಜಾಗ ಖಾಲಿ ಕಾಣಬಾರದೆಂದು ನಾನು ಸುಮ್ಮನೆ ಕೂರಿಸಿದ್ದ ಆಳು ಅದು. "ನಾ ಇಲ್ಲೆ ಅದೀನಿ. ಪಾನಾ ಹಿಡಿಯಾಕ ನೀವಿದ್ದ ಮ್ಯಾಲೆ ನಾ ಯಾಕ ನಿಲ್ಲಲಿ? ಭೇಷ್ ಮಾಡೀರಿ!"

ಅಂತೂ ಭೇಷ್ ಬಂತು. ಹಲಗೆ ಅಂದೇ ಕಂಪ್ಲಿಗೆ ಹೋಯಿತು. ಕಣ್ಣು ಬರೆದುಕೊಡುತ್ತೇನೆಂದು ಹೋದಾಗಲೆಲ್ಲ, "ಬ್ಯಾಡ ಬಿಡ್ರಿ, ಹಂಗ ಇರ್ಲಿ" ಅನ್ನುತ್ತಾರೆ. ಅವರ ಶೋಕೇಸಿನಲ್ಲಿ ಈಗ ಮಾವ ಆರಾಮಾಗಿ ಕುಳಿತು ಚಹಾ ಕುಡಿಯುತ್ತಿದ್ದಾರೆ. ಅವರ ಮಗಳು ಹಚ್ಚಿದ ಕುಂಕುಮವನ್ನು ಹಣೆಯ ಮೇಲೆ ಹೊತ್ತು, ಕಣ್ಣಿಲ್ಲದೆ, ನಿಲ್ಲಿಸಿದ ಕಡೆ ನಾನು ನಿಂತಿದ್ದೇನೆ. ನೋಡಿದವರೆಲ್ಲ ಥೇಟ್ ನನ್ನ ಹಾಗೇ ಇದೆ ಅನ್ನುತ್ತಾರೆ.